ಮಜ್ಜಿಗೆ ನೀವೇ ಕುಡೀರಿ
ಗುಲಾಬಿ ಎಲೆ ಕೆಟ್ಟರೆ ಹಾಸನ, ಚನ್ನರಾಯಪಟ್ಟಣದ ನಮ್ಮ ನೆಂಟರೆಲ್ಲ ಹೇಳೋದು ಒಂದೇ ಮದ್ದು: ಹಾಲೋ ಮಜ್ಜಿಗೆಯೋ ಸಿಂಪಡಿಸಿ. ರೋಗ ಯಾವುದು ಅಂತ ಕೇಳದೆ ಮದ್ದು ಹೇಳೋದಕ್ಕೇ ನನ್ನ ತಕರಾರು.

ನೀರು ಬೆರೆಸಿದ ಹಾಲು ಬಿಳಿ ಬೂದಿ ರೋಗ ತಡೆಯುತ್ತೆ ಅಂತ 1999ರಲ್ಲಿ ಬ್ರೆಜಿಲ್‌ನ ವಿಜ್ಞಾನಿಯೊಬ್ಬರು ಜುಕಿನಿ ಗಿಡದಲ್ಲಿ ತೋರಿಸಿದ್ದಾರೆ, ಒಪ್ಪೋಣ. ಕಪ್ಪು ಚುಕ್ಕೆಯ ಕಥೆಯೇ ಬೇರೆ. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಸಾಕು, ಅದು ಒಳಗೆ ಇಳಿಯುತ್ತೆ. ಸಂಜೆ ಹೊತ್ತು ಎಲೆ ನೆನೆಸೋದು ಅಂದ್ರೆ ಆರತಿ ಎತ್ತಿ ಕರೆದ ಹಾಗೆ.

ಅರಕಲಗೂಡು, ಹೊಳೆನರಸೀಪುರದ ಆಲೂಗಡ್ಡೆ ರೈತರನ್ನ ನೋಡಿ. ಮೋಡ ಕವಿದಾಗಲೇ ಅಂಗಮಾರಿಗೆ ಸಜ್ಜಾಗ್ತಾರೆ, ಎಲೆ ಕಪ್ಪಾಗೋವರೆಗೂ ಕಾಯಲ್ಲ. ನೀವೂ ಚುಕ್ಕೆ ಬಿದ್ದ ಎಲೆ ಕೀಳಿ, ಉದುರಿದ್ದನ್ನ ಗುಡಿಸಿ, ಬೆಳಿಗ್ಗೆ ಬುಡಕ್ಕಷ್ಟೇ ನೀರು ಹಾಕಿ. ಖರ್ಚು ಸೊನ್ನೆ ಕಣ್ರೀ!