ಕತೆಯ ಅಂಗಗಳೂ ಕತೆಯ ಊರೂ

ಸಣ್ಣಕತೆಯ ಅಂಗಗಳು ಯಾವುವು ಎಂದು ಕೇಳಿದರೆ ಐಚ್ಛಿಕ ಕನ್ನಡದ ವಿದ್ಯಾರ್ಥಿ ತಡವರಿಸುವುದಿಲ್ಲ. ವಸ್ತು, ಪಾತ್ರ, ಸನ್ನಿವೇಶ, ಸಂಘರ್ಷ, ಸಂಭಾಷಣೆ, ನಿರೂಪಣೆ, ಅಂತ್ಯ ಎಂದು ಬೆರಳು ಮಡಚಿ ಎಣಿಸುತ್ತಾನೆ. ಅದೇ ವಿದ್ಯಾರ್ಥಿಗೆ ಎರಡು ಪುಟದ ಕತೆ ಬರೆಯಲು ಹೇಳಿದರೆ, ಒಂದು ಊರಿನಲ್ಲಿ ಒಬ್ಬ ಬಡ ರೈತನಿದ್ದನು ಎಂದು ತೊಡಗುತ್ತಾನೆ. ಊರಿಗೆ ಹೆಸರಿಲ್ಲ, ರೈತ ಏನು ಬೆಳೆಯುತ್ತಾನೆಂಬುದು ತಿಳಿಯದು, ಅವನ ಹೆಂಡತಿ ಪಠ್ಯಪುಸ್ತಕದ ಭಾಷೆಯಲ್ಲಿ ಅಳುತ್ತಾಳೆ. ಅಂಗಗಳೆಲ್ಲ ಇವೆ, ಜೀವವಿಲ್ಲ. ದೋಷ ವಿದ್ಯಾರ್ಥಿಯದಲ್ಲ, ಅಂಗಗಳನ್ನು ಊರಿನಿಂದ ಬೇರ್ಪಡಿಸಿ ಕಲಿಸುವ ಕ್ರಮದ್ದು.

ಮಾಸ್ತಿಯವರ ‘ಕೆಲವು ಸಣ್ಣ ಕತೆಗಳು’ ಪ್ರಕಟವಾದದ್ದು 1920ರಲ್ಲಿ. ‘ರಂಗನ ಮದುವೆ’ಯ ನಿರೂಪಕ ಶ್ಯಾಮ ನೇರವಾಗಿ ಮದುವೆಯ ಮಾತಿಗೆ ಬರುವುದಿಲ್ಲ, ಮೊದಲು ತನ್ನ ಹೊಸಹಳ್ಳಿಯನ್ನು ಬಾಯ್ತುಂಬ ಹೊಗಳುತ್ತಾನೆ. ಆ ಹೊಗಳಿಕೆಯಲ್ಲೇ ಊರು, ನಿರೂಪಕ, ಧಾಟಿ ಮೂರೂ ಒಟ್ಟಿಗೆ ಹುಟ್ಟುತ್ತವೆ. ಮರಾಠಿಯಲ್ಲಿ ವ್ಯಂಕಟೇಶ ಮಾಡಗೂಳಕರರ ‘ಮಾಣದೇಶಿ ಮಾಣಸಂ’ (1949) ಕೃತಿಯೂ ಇದೇ ಪಾಠ ಹೇಳುತ್ತದೆ. ಅಲ್ಲಿನ ಜನರನ್ನು ಬರಡು ನೆಲದ ಆ ಸೀಮೆಯಿಂದ ಕಿತ್ತು ಬೇರೆಡೆ ನೆಟ್ಟರೆ ಅವರು ಬಾಡಿಹೋಗುತ್ತಾರೆ.

ಈ ಮಾತನ್ನು ನೀಲಗಿರಿಗೆ ಅನ್ವಯಿಸಿ ನೋಡಬಹುದು. ಗೂಡಲೂರಿನ ವಿದ್ಯಾರ್ಥಿಗೆ ಸಂಘರ್ಷವೆಂದರೇನೆಂದು ವ್ಯಾಖ್ಯಾನ ಬರೆಸಬೇಕಾಗಿಲ್ಲ. ಮೈಸೂರಿನ ಕಡೆಗೆ ಹೋಗುವ ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಗುಂಡ್ಲುಪೇಟೆಯಲ್ಲಿ ತಾಯಿಗೆ ಕಾಯಿಲೆ ಜೋರಾಗಿದೆ. ಮಗ ತಪಾಸಣಾ ಗೇಟು ಮುಟ್ಟಿದಾಗ ಗಂಟೆ 9 ದಾಟಿ ಹತ್ತು ನಿಮಿಷ. ಕಾವಲುಗಾರ ದುಷ್ಟನಲ್ಲ, ರಾತ್ರಿ ರಸ್ತೆ ದಾಟುವ ಜಿಂಕೆ, ಆನೆಗಳಿಗೂ ಅವನೇ ದಿಕ್ಕು. ಇಬ್ಬರದೂ ನ್ಯಾಯವೇ ಆಗಿರುವ ಈ ಇಕ್ಕಟ್ಟೇ ಸಂಘರ್ಷ. ಕತೆಯನ್ನು ಮಗ ಹೇಳಬೇಕೆ, ಕಾವಲುಗಾರ ಹೇಳಬೇಕೆ ಎಂಬ ಪ್ರಶ್ನೆಯೇ ದೃಷ್ಟಿಕೋನ. ತಾಯಿಯ ಮನೆಯ ಬಾಗಿಲಲ್ಲಿ ಮುಗಿಸುವುದೋ, ಆರು ಗಂಟೆಗೆ ಗೇಟು ತೆರೆಯುವಲ್ಲಿಯೇ ನಿಲ್ಲಿಸುವುದೋ ಎಂಬ ಆಯ್ಕೆಯೇ ಅಂತ್ಯ. ಹೀಗೆ ಕಲಿತ ಅಂಗಗಳು ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನಷ್ಟವಾಗುತ್ತಿರುವುದು ಸಂಭಾಷಣೆಯಲ್ಲಿ. ಉದಕಮಂಡಲದ ಸುತ್ತಲಿನ ಹಟ್ಟಿಯಿಂದ ಬರುವ ಬಡಗ ಸಮುದಾಯದ ವಿದ್ಯಾರ್ಥಿನಿ ತನ್ನ ಅಜ್ಜಿಯ ಬಾಯಲ್ಲಿ ಆಕಾಶವಾಣಿಯ ವಾರ್ತೆಯ ಕನ್ನಡವನ್ನು ಇಡುತ್ತಾಳೆ. ಮಸಿನಗುಡಿಯ ಹುಡುಗ ಮನೆಯ ಮಾತನ್ನು ‘ತಪ್ಪು ಕನ್ನಡ’ವೆಂದು ಅಳಿಸುತ್ತಾನೆ. ಬಡಗರ ನುಡಿ ಸ್ವತಂತ್ರ ಭಾಷೆಯೋ ಕನ್ನಡದ ಉಪಭಾಷೆಯೋ ಎಂಬ ಚರ್ಚೆಯನ್ನು ವಿದ್ವಾಂಸರು ನಡೆಸಲಿ. ಅದು ಮುಗಿಯುವವರೆಗೆ ಕತೆಯೊಳಗಿನ ಅಜ್ಜಿ ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ.

ಆಡುನುಡಿ ಹೊರಗಿನ ಓದುಗರಿಗೆ ತಿಳಿಯದೆಂಬ ಆಕ್ಷೇಪ ಸಹಜವಾದದ್ದು. ಆದರೆ ಬಂಡೀಪುರದ ಆಚೆಗೇ ಇರುವ ನಂಜನಗೂಡು ಸೀಮೆಯ ನುಡಿಯಲ್ಲಿ ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದರು. ಮೊದಲ ಓದಿಗೆ ಅದು ಹಲವರಿಗೆ ಕಠಿಣವೆನಿಸಿತು. ಆದರೂ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೇ ಸಂದಿತು. ಹೊಸ ಕತೆಗಾರರು ಅಷ್ಟು ದೂರ ಹೋಗಬೇಕೆಂದಿಲ್ಲ. ನಿರೂಪಣೆ ಶಿಷ್ಟ ಕನ್ನಡದಲ್ಲಿರಲಿ, ಮಾತು ಮಾತ್ರ ಮನೆಯದಾಗಿರಲಿ. ಅರ್ಥವನ್ನು ಸಂದರ್ಭವೇ ಬಿಡಿಸುತ್ತದೆ.

ಆದುದರಿಂದ ಅಂಗಗಳ ಪಟ್ಟಿಗೆ ಕೊಡುವ ಅಂಕಗಳಲ್ಲಿ ಅರ್ಧವನ್ನಾದರೂ ಒಂದು ಪುಟದ ಸನ್ನಿವೇಶಕ್ಕೆ ಮೀಸಲಿಡುವುದು ಯುಕ್ತ. ನಿಬಂಧನೆ ಎರಡೇ: ಊರಿಗೆ ಹೆಸರಿರಬೇಕು, ಮನೆಯಲ್ಲಿ ಕೇಳಿದ ಒಂದು ಮಾತಾದರೂ ಕೇಳಿದಂತೆಯೇ ಪುಟದಲ್ಲಿರಬೇಕು. ನೀಲಗಿರಿಯ ಹಟ್ಟಿಗಳಲ್ಲಿ ಕನ್ನಡ ಅಕ್ಷರ ಬಲ್ಲ ಎಳೆಯರು ಹೆಚ್ಚಿಲ್ಲ. ಅಜ್ಜಿಯ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದಿಡಬಲ್ಲವರು ಆ ಕೆಲವರೇ. ಅವರೂ ಅಳಿಸಿದರೆ ಬರೆಯಲು ಇನ್ನಾರೂ ಉಳಿಯುವುದಿಲ್ಲ.