ಲಯದ ಮಗ್ಗುಲಲ್ಲಿ ತೊಟ್ಟಿಲು

ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯಲ್ಲಿ ವಿಶ್ವದ ವಿಸ್ತಾರವನ್ನು ಕುರಿತು ಮಾತನಾಡುತ್ತ, ಗೆಲಾಕ್ಸಿಗಳ ನಡುವೆ ಕುಳಿತ ಕೃಷ್ಣರಂಧ್ರವು ಬಳಿ ಸಾರಿದುದನ್ನೆಲ್ಲ ನುಂಗುವುದೆಂದೂ ಅಲ್ಲಿ ಲಯವಲ್ಲದೆ ಬೇರೇನೂ ಇಲ್ಲವೆಂದೂ ಹೇಳಿಬಿಟ್ಟೆನು. ಸಭೆ ಮುಗಿದ ಮೇಲೆ ಒಬ್ಬ ಬಾಲಕಿ ಬಂದು, “ಹಾಗಾದರೆ ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುವುದೇ ಇಲ್ಲವೇ?” ಎಂದು ಕೇಳಿದಳು. “ಇಲ್ಲ” ಎಂದೆನು. ಆ ಉತ್ತರ ತಪ್ಪಾಗಿತ್ತು. ಆಮೇಲೆ ಓದಿ ತಿಳಿದುದನ್ನು ಓದುಗರ ಮುಂದಿಟ್ಟು ಆ ಋಣವನ್ನು ತೀರಿಸಬೇಕಾಗಿದೆ.

ಕೋಟ್ಯಂತರ ನಕ್ಷತ್ರಗಳ ಮಹಾಸಮೂಹವೇ ಗೆಲಾಕ್ಸಿ. ನಮ್ಮ ಸೂರ್ಯನಿರುವ ಆಕಾಶಗಂಗೆಯೂ ಅಂಥದೊಂದು. ಕೆಲವು ಗೆಲಾಕ್ಸಿಗಳ ಕೇಂದ್ರ ಮಾತ್ರ ಅಸಾಧಾರಣವಾಗಿ ಪ್ರಜ್ವಲಿಸುತ್ತದೆ. ೧೯೪೩ರಲ್ಲಿ ಅಮೆರಿಕದ ಖಗೋಳಜ್ಞ ಕಾರ್ಲ್ ಸೀಫರ್ಟ್ ಅವರು ಇಂಥ ಆರು ಗೆಲಾಕ್ಸಿಗಳ ರೋಹಿತವನ್ನು ಪರೀಕ್ಷಿಸಿ, ಅಲ್ಲಿನ ಅನಿಲವು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುವುದನ್ನು ಸೂಚಿಸಿದರು. ಕೃಷ್ಣರಂಧ್ರಕ್ಕೆ ಸ್ವಂತ ಬೆಳಕಿಲ್ಲ. ಅದರೊಳಗೆ ಸುತ್ತಿ ಸುತ್ತಿ ಬೀಳುವ ಅನಿಲವು ಕಾದು ಈ ಕಾಂತಿಯನ್ನು ಚೆಲ್ಲುತ್ತದೆಂದು ಇಂದು ತಿಳಿದಿದೆ.

ಆದರೆ ಕಂಡ ಬೆಳಕೆಲ್ಲ ಅದರದೇ ಎಂದು ಹೇಗೆ ಹೇಳುವುದು? ಇಲ್ಲಿಯೇ ವಿವೇಚನೆ ಬೇಕಾದುದು. ಸೂರ್ಯನ ಆಯುಷ್ಯ ಸುಮಾರು ೧೦೦೦ ಕೋಟಿ ವರ್ಷ. ಅವನಿಗಿಂತ ೪೦ ಪಟ್ಟು ಭಾರವಾದ ನೀಲಿ ನಕ್ಷತ್ರವಾದರೋ ಸುಮಾರು ೫೦ ಲಕ್ಷ ವರ್ಷಗಳಲ್ಲೇ ಉರಿದು ಮುಗಿಯುತ್ತದೆ. ಅರಳಿದ ಮಲ್ಲಿಗೆಯನ್ನು ಕಂಡವನು ಅದು ನಿನ್ನೆಯ ಮೊಗ್ಗೆಂದು ತಿಳಿಯುವಂತೆ, ನೀಲಿ ನಕ್ಷತ್ರವನ್ನು ಕಂಡವರು ಅದು ಇತ್ತೀಚೆಗೆ ಹುಟ್ಟಿತೆಂದು ತಿಳಿಯುತ್ತಾರೆ. ೧೯೯೦ರ ದಶಕದಲ್ಲಿ ಹಬಲ್ ದೂರದರ್ಶಕವು ಕೆಲವು ಸೀಫರ್ಟ್ ಗೆಲಾಕ್ಸಿಗಳ ಕೇಂದ್ರವನ್ನು ಅತಿನೇರಳೆ ಬೆಳಕಿನಲ್ಲಿ ನೋಡಿದಾಗ, ಆ ಬೆಳಕಿನ ಬಹುಪಾಲು ಇಂಥ ಎಳೆಯ ನಕ್ಷತ್ರಗಳದೇ ಎಂದು ಗೊತ್ತಾಯಿತು. ಲಯದ ಮಗ್ಗುಲಲ್ಲೇ ತೊಟ್ಟಿಲೂ ಇದ್ದಿತು!

ತಿಮಿಂಗಿಲ ನಕ್ಷತ್ರಪುಂಜದ ದಿಕ್ಕಿನಲ್ಲಿರುವ ಮೆಸಿಯೆ ೭೭ ಎಂಬುದು ಸೀಫರ್ಟ್ ಅವರು ನೋಡಿದ ಆರರಲ್ಲಿ ಒಂದು. ನಮ್ಮಿಂದ ಸುಮಾರು ನಾಲ್ಕೂವರೆ ಕೋಟಿ ಜ್ಯೋತಿರ್ವರ್ಷ ದೂರ. ಅದರ ಕೇಂದ್ರದಿಂದ ಮೂರು ಸಾವಿರ ಜ್ಯೋತಿರ್ವರ್ಷಗಳಿಗೂ ಮಿಕ್ಕ ದೂರದಲ್ಲಿ ನವಜಾತ ನಕ್ಷತ್ರಗಳ ಉಂಗುರವೇ ಇದೆ. ಇನ್ನೂ ಒಳಗಿನ ಸಂಗತಿ ಮತ್ತಷ್ಟು ಕುತೂಹಲಕರ. ಮೆಸಿಯೆ ೭೭ ಸೇರಿದಂತೆ ಒಂಬತ್ತು ಸಕ್ರಿಯ ಗೆಲಾಕ್ಸಿಗಳ ಗರ್ಭವನ್ನು ಚಿಲಿ ದೇಶದ ಪರಾನಾಲ್ ಪರ್ವತದ ದೂರದರ್ಶಕವೇ ಮೊದಲಾದವುಗಳಿಂದ ಶೋಧಿಸಿದ ವಿಜ್ಞಾನಿಗಳು ೨೦೦೭ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಕೃಷ್ಣರಂಧ್ರದ ತೀರ ಸಮೀಪದಲ್ಲೂ ಕಳೆದ ಸುಮಾರು ಮೂವತ್ತು ಕೋಟಿ ವರ್ಷಗಳೊಳಗೆ ನಕ್ಷತ್ರಗಳು ಹುಟ್ಟಿವೆ. ಆದರೆ ಆ ಹುಟ್ಟು ಆರಂಭವಾದ ಐದರಿಂದ ಹತ್ತು ಕೋಟಿ ವರ್ಷಗಳ ಬಳಿಕವೇ ಕೃಷ್ಣರಂಧ್ರ ಉಣ್ಣತೊಡಗುವಂತೆ ಕಾಣುತ್ತದೆ.

ಈ ವಿಳಂಬವೇಕೆ? ಕಣದಲ್ಲಿ ರಾಶಿ ತೂರುವವರು ಬಲ್ಲರು: ಬಿರುಗಾಳಿಯಲ್ಲಿ ಹೊಟ್ಟಿನೊಡನೆ ಕಾಳೂ ಹಾರಿಹೋಗುತ್ತದೆ; ಮಂದಾನಿಲದಲ್ಲಿ ಕಾಳು ಕಾಲಬುಡದಲ್ಲೇ ಬೀಳುತ್ತದೆ. ಭಾರದ ನಕ್ಷತ್ರಗಳ ಬಿರುಗಾಳಿಯೂ ಸ್ಫೋಟಗಳೂ ಮೊದಲು ಅನಿಲವನ್ನು ಹೊರಗೆ ಚದರಿಸುತ್ತವೆ. ಅವು ಅಡಗಿದ ಮೇಲೆ ಮಧ್ಯಮ ಭಾರದ ನಕ್ಷತ್ರಗಳು ಮುಪ್ಪಿನಲ್ಲಿ ಮೆಲ್ಲಗೆ ಬಿಡುವ ಅನಿಲ ಮಾತ್ರ ಕೇಂದ್ರಕ್ಕೆ ಇಳಿಯಬಲ್ಲದು. ಇದು ವಿಜ್ಞಾನಿಗಳು ಮುಂದಿಟ್ಟ ವಿವರಣೆ. ಮುಂದಿನ ಶೋಧನೆ ಇದನ್ನು ತಿದ್ದಲೂಬಹುದು.

ಒಂದೇ ಅನಿಲರಾಶಿ ನಕ್ಷತ್ರವನ್ನು ಹಡೆಯುತ್ತದೆ, ಕೃಷ್ಣರಂಧ್ರದ ಹಸಿವನ್ನೂ ತಣಿಸುತ್ತದೆ. ನುಂಗುವುದನ್ನಷ್ಟೇ ಕಂಡು ನಾನು ತೀರ್ಪು ಕೊಟ್ಟಿದ್ದೆನು. ಆ ಬಾಲಕಿ ಈಗ ಎಲ್ಲಿರುವಳೋ ತಿಳಿಯದು. ಈ ಪುಟ ಅವಳ ಕೈಸೇರಿದರೆ, “ಹುಟ್ಟುತ್ತವೆ ತಾಯಿ, ನಿನ್ನ ಸಂದೇಹವೇ ಸರಿ” ಎಂಬ ನನ್ನ ಮಾತು ಅವಳಿಗೆ ಮುಟ್ಟಲಿ.