ದೋಣಿಗೆ ಮನೆಯ ವೈರಿನ ತುಂಡು ಬೇಡ

ನದೀಮುಖದ ಕುದ್ರು, ಕುರ್ವೆಗಳಲ್ಲಿ ತೋಟ ಇರುವವರಿಗೆ ದೋಣಿಯೇ ಎತ್ತಿನ ಗಾಡಿ. ಗೊಬ್ಬರ, ತೆಂಗಿನಕಾಯಿ, ಹಿಂಡಿ ಮೂಟೆ, ಒಮ್ಮೊಮ್ಮೆ ಹುಷಾರಿಲ್ಲದವರು, ಎಲ್ಲ ಅದರಲ್ಲೇ ದಾಟಬೇಕು. ಈಗೀಗ ಈ ಸಣ್ಣ ದೋಣಿಗಳಿಗೂ ಒಂದು ಬ್ಯಾಟರಿ, ಮುಂದೊಂದು ದೀಪ, ತಳದಲ್ಲಿ ನಿಂತ ನೀರು ಎತ್ತಲು ಪುಟ್ಟ ಪಂಪು ಬಂದಿವೆ. ಒಳ್ಳೆಯದೇ. ಆದರೆ ಅದರ ವೈರಿಂಗ್ ನೋಡಿದರೆ ಬೇಜಾರಾಗುತ್ತದೆ. ಮನೆ ಕಟ್ಟುವಾಗ ಉಳಿದ ತುಂಡು, ಹಟ್ಟಿಯಿಂದ ಬಿಚ್ಚಿದ ತುಂಡು, ನಡುವೆ ಕಪ್ಪು ಟೇಪಿನ ಗಂಟು. ಕೇಳಿದರೆ, "ಹನ್ನೆರಡು ವೋಲ್ಟ್ ಅಲ್ವಾ, ಶಾಕ್ ಹೊಡೆಯೋದಿಲ್ಲ, ಯಾವುದಾದರೂ ಸಾಕು" ಅನ್ನುತ್ತಾರೆ.

ಶಾಕ್ ಹೊಡೆಯುವುದಿಲ್ಲ, ಸರಿ. ಆದರೆ ವೋಲ್ಟ್ ಕಡಿಮೆ ಇದ್ದಷ್ಟೂ ವೈರು ದಪ್ಪ ಬೇಕು. ನಮ್ಮಲ್ಲಿ ಹೆಚ್ಚಿನವರು ತಿಳಿದದ್ದು ಇದಕ್ಕೆ ತೀರಾ ತಿರುಗಾಮುರುಗ. 36 ವಾಟಿನ ದೀಪ ಮನೆಯ 230 ವೋಲ್ಟಿನಲ್ಲಿ ಎಳೆಯುವುದು ಆಂಪಿಯರಿನ ಆರನೇ ಒಂದು ಪಾಲಿಗಿಂತಲೂ ಕಡಿಮೆ. ಅದೇ 36 ವಾಟಿಗೆ 12 ವೋಲ್ಟಿನಲ್ಲಿ 3 ಆಂಪಿಯರ್ ಬೇಕು. ಇಪ್ಪತ್ತು ಅಡಿ ದೋಣಿಯಲ್ಲಿ ಹಿಂದೆ ಬ್ಯಾಟರಿ, ಮುಂದೆ ದೀಪ ಎಂದರೆ ವೈರು 7 ಮೀಟರ್ ಹೋಗಬೇಕು, 7 ಮೀಟರ್ ವಾಪಸು ಬರಬೇಕು. ಲೆಕ್ಕಕ್ಕೆ 14 ಮೀಟರ್. ಟ್ರ್ಯಾಕ್ಟರಿನಲ್ಲಿ ಬಾಡಿಯೇ ನೆಗೆಟಿವ್, ಒಂದೇ ವೈರು ಎಳೆದರೆ ಆಯ್ತು. ಮರದ ದೋಣಿಯಲ್ಲಿ, ಫೈಬರ್ ದೋಣಿಯಲ್ಲಿ ಅದು ಆಗದು. ಹಾಗಾಗಿ ವಾಪಸು ದಾರಿಯನ್ನು ಮರೆಯಬೇಡಿ.

1 ಚದರ ಮಿ.ಮೀ. ತಾಮ್ರದ ವೈರಿನ ಅಡ್ಡಿ ಮೀಟರಿಗೆ ಸುಮಾರು 0.017 ಓಮ್. ಹದಿನಾಲ್ಕು ಮೀಟರಿಗೆ, ಮೂರು ಆಂಪಿಯರಿಗೆ ಲೆಕ್ಕ ಹಾಕಿ ನೋಡಿ: ದಾರಿಯಲ್ಲೇ 0.7 ವೋಲ್ಟ್ ಖರ್ಚು. ಹನ್ನೆರಡರಲ್ಲಿ ನೂರಕ್ಕೆ ಆರು. ತಂತಿಯ ಬಲ್ಬು ಆದರೆ ಬೆಳಕು ಐದನೇ ಒಂದರಷ್ಟು ಇಳಿಯುತ್ತದೆ. ಮೇಲೆ ಪ್ರತಿ ಗಂಟಿನಲ್ಲೂ ಒಂದಿಷ್ಟು ಸೋರಿಕೆ. 2.5 ಚದರ ಮಿ.ಮೀ. ಹಾಕಿದರೆ ಈ ನಷ್ಟ 0.3 ವೋಲ್ಟಿಗೆ ಬರುತ್ತದೆ. ಅಮೆರಿಕದ ಸಣ್ಣ ದೋಣಿಗಳ ನಿಯಮಾವಳಿಯಲ್ಲಿ (ಎ.ಬಿ.ವೈ.ಸಿ.) ಸುರಕ್ಷತೆಗೆ ಬೇಕಾದ ದೀಪ, ಪಂಪುಗಳಿಗೆ ನೂರಕ್ಕೆ 3ಕ್ಕಿಂತ ಹೆಚ್ಚು ನಷ್ಟ ಸಲ್ಲದು ಎಂದಿದೆ. ನಮಗೂ ಅದೇ ಅಳತೆ ಸಾಕು. ಎಲ್‌ಇಡಿ ಹಾಕಿದವರಿಗೆ ದೀಪದ ಮಟ್ಟಿಗೆ ಈ ತಲೆಬಿಸಿ ಕಡಿಮೆ, 10 ವಾಟಿಗೆ ಒಂದು ಆಂಪಿಯರೂ ಬೇಡ. ಪಂಪಿಗೆ ಮಾತ್ರ ವಿನಾಯಿತಿ ಇಲ್ಲ.

ದಪ್ಪದಷ್ಟೇ ಮುಖ್ಯ ವೈರಿನ ಜಾತಿ. ಹಳೇ ಮನೆಗಳ 1/18 ಎಂಬ ಒಂಟಿ ತಂತಿ ಗೋಡೆಗೆ ಆದೀತು. ಇಂಜಿನಿನ ನಡುಕಕ್ಕೆ ಅದು ಸ್ಕ್ರೂ ಬುಡದಲ್ಲೇ ಮುರಿಯುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಅಲ್ಯೂಮಿನಿಯಂ ಅಂತೂ ದೋಣಿಯ ಹತ್ತಿರವೇ ತರಬೇಡಿ. ಸಣ್ಣ ಎಳೆಗಳ ತಾಮ್ರವೇ ಬೇಕು. ಅದರಲ್ಲೂ ಒಂದು ತೊಡಕಿದೆ. ಬತ್ತಿ ಎಣ್ಣೆ ಹೀರುವ ಹಾಗೆ ಎಳೆಗಳ ನಡುವೆ ನೀರು ಏರುತ್ತದೆ. ಬೇಸಿಗೆಯಲ್ಲಿ ಅಳಿವೆಯಿಂದ ಉಪ್ಪುನೀರು ಮೇಲೆ ಬರುವಾಗ ಕೇಳುವುದೇ ಬೇಡ. ಮೇಲೆ ಪ್ಲಾಸ್ಟಿಕ್ ಹೊಸದರಂತೆ ಹೊಳೆಯುತ್ತಿರುತ್ತದೆ, ಕೊಯ್ದು ನೋಡಿದರೆ ಒಳಗೆ ಗೇಣುದ್ದ ಕಪ್ಪು, ಹಸಿರು ಕಿಲುಬು.

ಇದಕ್ಕೆ ಮದ್ದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಅದೇ. ದೋಣಿಗೆಂದೇ ಮಾಡುವ ವೈರಿನ ಒಂದೊಂದು ಎಳೆಗೂ ತವರದ ಕಲಾಯಿ ಇರುತ್ತದೆ. ಪೇಟೆಯ ಇಲೆಕ್ಟ್ರಿಕ್ ಅಂಗಡಿಯಲ್ಲಿ ಕೇಳಿದರೆ "ಅದೆಂಥದು?" ಅನ್ನಬಹುದು. ಹಾಗಾದರೆ ಸೋಲಾರ್ ಅಂಗಡಿಗೆ ಹೋಗಿ. ಸೋಲಾರ್ ಪ್ಯಾನೆಲಿಗೆ ಹಾಕುವ 4 ಚದರ ಮಿ.ಮೀ. ಡಿ.ಸಿ. ಕೇಬಲ್ ಕಲಾಯಿ ಹಾಕಿದ ತಾಮ್ರದ ಸಣ್ಣ ಎಳೆಗಳದ್ದೇ. ಹೊರಗೆ ಎರಡು ಪದರ, ಬಿಸಿಲು ಮಳೆಗೆ ಜಗ್ಗುವುದಿಲ್ಲ. ದೋಣಿಗೆಂದೇ ಮಾಡಿದ್ದಲ್ಲ, ಸ್ವಲ್ಪ ಗಡಸು, ಪೆಟ್ರೋಲ್, ಆಯಿಲ್ ತಾಗದ ಕಡೆ ಎಳೆಯಬೇಕು. ಆದರೂ ನನ್ನ ಅಭಿಪ್ರಾಯದಲ್ಲಿ ನಮ್ಮಂಥವರ ಕೈಗೆ ಸಿಗುವುದರಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ದುಬಾರಿ ಅಂತೀರಾ? ಸಣ್ಣ ದೋಣಿಗೆ ಬೇಕಾಗುವುದು ಇಪ್ಪತ್ತು-ಮೂವತ್ತು ಮೀಟರ್. ಬೋರಿಗೆ ಸಬ್‌ಮರ್ಸಿಬಲ್ ಇಳಿಸುವಾಗ ನಾವು ಹಟ್ಟಿಯ ವೈರು ಕಟ್ಟುತ್ತೇವಾ? ನೀರಿನೊಳಗಿನ ಕೇಬಲನ್ನೇ ತರುತ್ತೇವೆ, ಜಾಯಿಂಟ್ ಮಾಡುವವನ ಪಕ್ಕ ನಿಂತು ನೋಡುತ್ತೇವೆ. ಬೋರಿನಲ್ಲಿ ಇರುವುದು ಮೋಟಾರು. ದೋಣಿಯಲ್ಲಿ ಇರುವುದು ಮನೆಯವರು.

ಗಂಟುಗಳು ಆದಷ್ಟು ಕಡಿಮೆ ಇರಲಿ, ಇದ್ದರೂ ತಳದ ನೀರು ಮುಟ್ಟದಷ್ಟು ಎತ್ತರದಲ್ಲಿರಲಿ. ತಿರುಚಿ ಟೇಪು ಸುತ್ತಿದ್ದು ಒಂದು ಮಳೆಗಾಲವೂ ಬಾರದು. ಒತ್ತಿ ಕೂರಿಸುವ ಲಗ್ಗು ಹಾಕಿ, ಮೇಲೆ ಒಳಗೆ ಅಂಟಿರುವ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ. ಬರೀ ಬೆಸುಗೆ ಸಾಲದು. ಬೆಸುಗೆ ಮುಗಿದ ಜಾಗ ಗಟ್ಟಿಯಾಗಿ ಅಲ್ಲೇ ಎಳೆ ಮುರಿಯುತ್ತದೆ.

ಇನ್ನು ಬೆಂಕಿಯ ವಿಷಯ. ಪ್ಲಸ್ ಮೈನಸ್ ತಾಗಿದರೆ ಬ್ಯಾಟರಿ ಕ್ಷಣದಲ್ಲಿ ನೂರಾರು ಆಂಪಿಯರ್ ಕಕ್ಕುತ್ತದೆ. ವೈರು ಕೆಂಪಗೆ ಕಾಯುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂತಿರುತ್ತದೆ. ನಡುಹೊಳೆಯಲ್ಲಿ ಓಡುವುದೆಲ್ಲಿಗೆ? ಅದಕ್ಕೇ ಫ್ಯೂಸ್ ಬೇಕು, ಅದೂ ದೀಪದ ಹತ್ತಿರ ಅಲ್ಲ, ಬ್ಯಾಟರಿಯ ಪ್ಲಸ್ಸಿನ ಪಕ್ಕ. ಮೇಲೆ ಹೇಳಿದ ನಿಯಮದಲ್ಲಿ 7 ಇಂಚಿನೊಳಗೆ ಎಂದಿದೆ. ಫ್ಯೂಸ್ ಕಾಯುವುದು ವೈರನ್ನು. ಫ್ಯೂಸಿನಿಂದ ಬ್ಯಾಟರಿವರೆಗಿನ ತುಂಡಿಗೆ ಕಾವಲಿಲ್ಲ, ಅದು ಗಿಡ್ಡ ಇದ್ದಷ್ಟೂ ಒಳ್ಳೆಯದು. ಕಾರಿನ ಬ್ಲೇಡ್ ಫ್ಯೂಸು ಎಲ್ಲ ಕಡೆ ಸಿಗುತ್ತದೆ, ಒಂದು ದೀಪ ಒಂದು ಪಂಪಿನ ದೋಣಿಗೆ 10 ಆಂಪಿಯರ್ ಸಾಕು. ಹೋದಾಗ ತಾಮ್ರದ ಎಳೆ ಸುತ್ತುವ ಬುದ್ಧಿವಂತಿಕೆ ಮನೆಯಲ್ಲೇ ಇರಲಿ. ಅಲ್ಲೂ ಬೇಡ ಅನ್ನಿ.

ಸ್ವಯಂಚಾಲಿತ ಪಂಪು ಇಟ್ಟವರು ಅದನ್ನು ಮುಖ್ಯ ಸ್ವಿಚ್ಚಿನ ಮೂಲಕ ಕೊಡಬೇಡಿ. ಅದಕ್ಕೆ ಬ್ಯಾಟರಿಯಿಂದ ನೇರ ವೈರು, ಬೇರೆಯೇ ಫ್ಯೂಸು ಇರಲಿ. ಸ್ವಿಚ್ ಆರಿಸಿ ಮನೆಗೆ ಹೋಗಿ ಮಲಗಿದ ಮೇಲೆ, ಆಟಿಯ ಮಳೆಗೆ ಕಡವಿನಲ್ಲಿ ಕಟ್ಟಿದ ದೋಣಿ ತುಂಬುತ್ತಿರುತ್ತದೆ. ಆ ಹೊತ್ತಿಗೆ ಪಂಪು ತಾನಾಗಿ ಓಡಬೇಕು.